ಸರ್ಪಂತಿಯವರ ಹೆಬ್ಬಾಗಿಲು

ಸರ್ಪಂತಿ ಮನೆಯ ತಕ್ಷಕರಾಯರು ಹತ್ತೊಂಬತ್ತು ದಿನ ಅಡಿಗೆಮನೆಯ ಕಿಟಕಿಯಲ್ಲಿ ನುಸುಳಿ ತಮ್ಮ ಮನೆಗೆ ತಾವೇ ಹೋಗಿ ಬಂದದ್ದನ್ನು ನಾನು ಕಣ್ಣಾರೆ ಕಂಡವಳು. ಕೆಳಗೆ ಏಣಿ ಹಿಡಿದುಕೊಂಡವಳೂ ನಾನೇ. ಮೊದಲ ದಿನ ರುಮಾಲಿನ ಸಮೇತ ನುಗ್ಗಲು ಹೋಗಿ ಸಿಕ್ಕಿಕೊಂಡರು. ಎರಡನೆಯ ದಿನ ರುಮಾಲನ್ನು ನನ್ನ ಕೈಗೆ ಕೊಟ್ಟು ಹತ್ತಿದರು. ಮೂರನೆಯ ದಿನ, ಬೀದಿಯಲ್ಲಿ ನಿಂತು ನೋಡುತ್ತಿದ್ದವರಿಗೆ, "ಕಿಟಕೀಲಿ ಓಡಾಡಿದ್ರೆ ಬೆನ್ನಿಗೆ ಒಳ್ಳೇದಂತೆ, ವೈದ್ಯರು ಹೇಳಿದಾರೆ" ಅಂದರು. ದೊಡ್ಡವರು ಬಿದ್ದರೆ ಅದಕ್ಕೆ ಸಾಷ್ಟಾಂಗ ಅಂತ ಹೆಸರು. ನಮ್ಮಂಥವರು ಬಿದ್ದರೆ ಬಿದ್ದದ್ದೇ.

ನಮ್ಮೂರಿನ ಬಾಗಿಲುಗಳಿಗೆ ಬೀಗವಿಲ್ಲ, ಚಿಲಕವಿಲ್ಲ. ಮನೆಯವರು ಹೊಸ್ತಿಲ ಮುಂದೆ ನಿಂತು ಮನೆತನದ ಹೆಸರು ಹೇಳಿದರೆ ಬಾಗಿಲು ತೆರೆಯುತ್ತದೆ. ಬೇರೆಯವರು ಗಂಟಲು ಹರಿದುಕೊಂಡರೂ ತೆರೆಯದು. ಒಮ್ಮೆ ಬೀಗ ಮಾರುವವನೊಬ್ಬ ಬಂದು ಮೂರು ತಿಂಗಳು ಕೂತ. ಕೊನೆಗೆ, ತಕ್ಕಡಿಯ ಕಲ್ಲಿಗಾದರೂ ಆಗುತ್ತವೆ ತಗೊಳ್ಳಿ ಅಂತ ಅಂಗಡಿಯವರಿಗೆ ಕೊಟ್ಟು ಹೋದ. ಹೊಸ ಸೊಸೆ ಬಂದರೆ ಮೊದಲ ವಾರ ಜಗಲಿಯ ಮೇಲೆ ಕೂತು ಗಂಡನ ಮನೆತನದ ಹೆಸರನ್ನು ಬಾಯಿಪಾಠ ಮಾಡುತ್ತಾಳೆ, ಅತ್ತೆ ಒಳಗಿನಿಂದ ತಿದ್ದುತ್ತಾಳೆ. ಕುಡಿದು ನಾಲಿಗೆ ಹೊರಳದ ಗಂಡಸರು ಬೀದಿಯಲ್ಲೇ ಮಲಗುತ್ತಾರೆ. ನಮ್ಮೂರಿನ ಹೆಂಗಸರು ಬಾಗಿಲಿಗೆ ಅರಿಸಿನ ಕುಂಕುಮ ಹಚ್ಚುವುದು ಸುಮ್ಮನೆ ಅಲ್ಲ. ಹಿರೇಮಣಿಗಾರಶೆಟ್ಟಿಹಳ್ಳಿಯವರು ಅಂತ ಒಂದು ಮನೆತನವಿದೆ, ಮಳೆಗಾಲದಲ್ಲಿ ಅವರು ಹೆಸರು ಹೇಳಿ ಮುಗಿಸುವಷ್ಟರಲ್ಲಿ ತೊಯ್ದು ತೊಪ್ಪೆಯಾಗಿರುತ್ತಾರೆ. ನಮ್ಮ ಕೇರಿಯವರಿಗೆ ಮನೆತನದ ಹೆಸರೇ ಇಲ್ಲ. ನಮ್ಮದು ಬಿದಿರ ತಟ್ಟಿ. ತಟ್ಟಿಗೆ ಕಿವಿ ಇರುವುದಿಲ್ಲ, ತಳ್ಳಿದರೆ ತೆರೆಯುತ್ತದೆ.

ನನ್ನ ಹೆಸರು ಸಣ್ಣತಾಯಿ. ಊರ ಬಾಗಿಲುಗಳಿಗೆ ಎಣ್ಣೆ ಹಾಕುವುದು ನನ್ನ ಕೆಲಸ. ಬಾಗಿಲ ಕಿವಿ ಮಂದವಾಗಬಾರದು ಅಂತ ವಾರಕ್ಕೊಮ್ಮೆ ಹರಳೆಣ್ಣೆ ಬಟ್ಟೆಯಲ್ಲಿ ಉಜ್ಜಬೇಕು. ಸರ್ಪಂತಿಯವರ ಹೆಬ್ಬಾಗಿಲನ್ನು ಮೂವತ್ತೆಂಟು ವರ್ಷ ಉಜ್ಜಿದ್ದೇನೆ. ಊರಿಗೆಲ್ಲ ಹಳೆಯ ಬಾಗಿಲು ಅದು. ಒಂದು ಮೊಳೆ ಇಲ್ಲ, ಬರೀ ಬೆಣೆ. ಮನೆಯ ದೊಡ್ಡ ತೊಲೆ ಕೂತಿರುವುದೇ ಅದರ ಚೌಕಟ್ಟಿನ ಮೇಲೆ.

ಆ ಮನೆಯವರು ತಮ್ಮನ್ನು ಸರ್ಪಕುಲದವರು ಅನ್ನುತ್ತಿದ್ದರು. ಮೂಲಪುರುಷ ಪಾತಾಳದಿಂದ ಎದ್ದು ಬಂದ ನಾಗರಾಜನಂತೆ, ಅದಕ್ಕೇ ಸರ್ಪಂತಿ ಅಂತ ಹೆಸರಂತೆ. ಗಂಡುಮಕ್ಕಳಿಗೆಲ್ಲ ಶೇಷ, ಅನಂತ, ವಾಸುಕಿ ಅಂತಲೇ ಹೆಸರಿಡಬೇಕು. ಅಡಿಗೆಗೆ ಪಡವಲಕಾಯಿ ತರುವ ಹಾಗಿಲ್ಲ, ಹೆಚ್ಚಿದರೆ ಕುಲಹತ್ಯೆ. ಹಾವು ಅನ್ನುವ ಮಾತನ್ನು ಆಡುವಂತಿಲ್ಲ, ಸರ್ಪ ಅನ್ನಬೇಕು, ಅದೂ ಕೈಮುಗಿದು. ಊರ ಪಂಚಾಯಿತಿಯಲ್ಲಿ ಮೊದಲ ಮಣೆ ಅವರದೇ. ಯಾಕೆ ಅಂತ ಕೇಳಿದವರಿಲ್ಲ. ಹೆಡೆ ಇದೆ ಅಂತ ಹೇಳಿಕೊಂಡವರನ್ನು ಬಾಲ ಎಲ್ಲಿ ಅಂತ ಯಾರು ಕೇಳುತ್ತಾರೆ?

ರಾಯರಿಗೆ ಅದೂ ಸಾಲಲಿಲ್ಲ. ಸರ್ಪಂತಿ ಅನ್ನುವುದು ಹಳ್ಳಿಗರ ಬಾಯಲ್ಲಿ ಕೆಟ್ಟ ರೂಪ, ಶುದ್ಧ ಮಾಡಬೇಕು ಅಂತ ಹೆಸರಿನ ಕಚೇರಿಗೆ ಹೋಗಿ, ಹಳೆಯ ಹೆಸರಿಗೆ ಗೀಟು ಹೊಡೆಸಿ, 'ಸರ್ಪಾಂತಾರ್ಯ' ಅಂತ ಬರೆಸಿ ಬಂದರು. ಕಚೇರಿಯ ಗುಮಾಸ್ತ ಗುರುಪಾದಪ್ಪ, "ಸರ್ಪಾಂತ ಅಂದ್ರೆ ಸರ್ಪ ಸತ್ತೋಯ್ತು ಅಂತಲೂ ಆಗುತ್ತಲ್ಲ ರಾಯರೇ" ಅಂದನಂತೆ. "ನಿಂಗೆ ಸಂಸ್ಕೃತ ಗೊತ್ತೇನಯ್ಯಾ? ಬರಿ" ಅಂದರಂತೆ ರಾಯರು. ಅವನು ಬರೆದ.

ಸಂಜೆ ಮನೆಗೆ ಬಂದು ಹೊಸ ಹೆಸರನ್ನು ಗಂಭೀರವಾಗಿ ಹೇಳಿದರು. ಬಾಗಿಲು ತೆರೆಯಲಿಲ್ಲ. ಹೊಸ ಹೆಸರಿಗೆ ಬಾಗಿಲು ಒಗ್ಗಲು ಮೂರು ದಿನ ಬೇಕು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಮೂರು ಹೋಗಿ ನಾಲ್ಕಾಯಿತು, ಒಗ್ಗಲಿಲ್ಲ. ಒಗ್ಗದ ಬಾಗಿಲು ಒಳಗಿನಿಂದ ಎಳೆದರೂ ಬಾರದು, ಹೆಸರನ್ನು ಹೊರಗೆ ನಿಂತೇ ಹೇಳಬೇಕು. ಹಳೆಯ ಹೆಸರು ಹೇಳಿದರೆ, ಕಚೇರಿಯಲ್ಲಿ ಹೊಡೆದದ್ದು ಬಾಗಿಲಿಗೆ ಸತ್ತ ಹೆಸರು. ಮತ್ತೆ ಬರೆಸೋಣವೆಂದರೆ, ಒಮ್ಮೆ ಹೊಡೆದ ಹೆಸರನ್ನು ಏಳು ವರ್ಷ ಬರೆಯುವಂತಿಲ್ಲ, ಕಾನೂನು. ಆ ಕಾನೂನು ಮಾಡಿಸಿದವರು ಹಿಂದೆ ಪಂಚಾಯಿತಿಯ ಮೊದಲ ಮಣೆಯಲ್ಲಿ ಕೂತಿದ್ದ ತಕ್ಷಕರಾಯರೇ. ರಾಯರ ಜೊತೆ ಹೊರಗೇ ಉಳಿದ ಅವರ ಹೆಂಡತಿ, "ಈ ವಯಸ್ಸಲ್ಲಿ ನಂಗೆ ಕಿಟಕಿ ಆಗಲ್ಲ" ಅಂತ ತವರಿಗೆ ಹೊರಟರು.

ಒಳಗೆ ಉಳಿದವರು ರಾಯರ ತಾಯಿ, ನೀಲಾಂಬಮ್ಮನವರು. ತೊಂಬತ್ತು ದಾಟಿದ ಜೀವ. ನಡುಮನೆಯಿಂದ ಹೆಬ್ಬಾಗಿಲವರೆಗೆ ಗೋಡೆ ಹಿಡಿದು ನಡೆಯುವಷ್ಟು ಶಕ್ತಿ, ಊರನ್ನೇ ನಡೆಸುವಷ್ಟು ಬಾಯಿ. ಕಿಟಕಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, ಮಗ ನುಸುಳುವಾಗೆಲ್ಲ, "ನಿಧಾನ ಕಣೋ. ಸರ್ಪಕುಲದೋನು, ಸಂದೀಲಿ ಹೋಗೋದು ನಿಂಗೆ ಹೊಸದೇ?" ಅನ್ನುತ್ತಿದ್ದರು. ಆದರೆ ಒಂದು ಮಾತನ್ನು ಮೊದಲ ದಿನವೇ ಖಡಾಖಂಡಿತ ಹೇಳಿದ್ದರು. "ನಾನು ಸೇರು ಒದ್ದು ಈ ಹೆಬ್ಬಾಗಿಲಲ್ಲಿ ಬಂದೋಳು. ಹೋಗೋದೂ ಹೆಬ್ಬಾಗಿಲಲ್ಲೇ. ಕಿಟಕೀಲಿ ನನ್ನ ಹೆಣ ಇಳಿಸಿದ್ರೆ ನಿನ್ನ ಸುಮ್ನೆ ಬಿಡಲ್ಲ."

ಅದು ತಮಾಷೆಯ ಮಾತಲ್ಲ ಅಂತ ನನಗೊಬ್ಬಳಿಗೆ ಗೊತ್ತಿತ್ತು. ಅವರ ಕಾಲು ಬಾತಿತ್ತು. ಅನ್ನ ಮೂರು ತುತ್ತಿಗೆ ಇಳಿದಿತ್ತು. ಆ ಬಾಗಿಲ ಗುಟ್ಟು ಗೊತ್ತಿದ್ದವರೂ ನಾವಿಬ್ಬರೇ.

ಅದು ಹೀಗೆ. ಐವತ್ತೆರಡರ ವಯಸ್ಸಿನಲ್ಲಿ ನಾನು ಉಪ್ಪಿನ ಗೋದಾಮಿನ ರಾತ್ರಿಶಾಲೆಗೆ ಸೇರಿದೆ. ಅಕ್ಷರ ಕಂಡಲ್ಲೆಲ್ಲ ಓದಿ ಅಂತ ಮೇಷ್ಟ್ರು ಹೇಳಿದ್ದರು. ಬೆಲ್ಲದ ಡಬ್ಬ, ಮೈಲಿಗಲ್ಲು, ಸೋಪಿನ ಮೈ, ಯಾವುದನ್ನೂ ನಾನು ಬಿಡುತ್ತಿರಲಿಲ್ಲ. ಒಂದು ದಿನ ಸರ್ಪಂತಿಯವರ ಬಾಗಿಲ ಒಳಮೈ ಉಜ್ಜುತ್ತಿದ್ದಾಗ, ಮೇಲುಪಟ್ಟಿಯ ಮಸಿ ಬಿಟ್ಟು, ಇಷ್ಟು ವರ್ಷ ಬಳ್ಳಿ ಅಂದುಕೊಂಡಿದ್ದದ್ದು ನನ್ನನ್ನು ನೋಡಿತು. ಬಳ್ಳಿಯಲ್ಲ, ಅಕ್ಷರ. ಸೊಟ್ಟ ಸೊಟ್ಟ, ನನ್ನ ಸ್ಲೇಟಿನ ಅಕ್ಷರದ ಹಾಗೇ. ಸ-ರ್ಪ-ಅಂ-ತೀ-ಯೇ ಅಂತ ಕೂಡಿಸಿಕೊಂಡು ಓದಿದೆ. ತೆರೆದಿದ್ದ ಬಾಗಿಲು ಹಸುವಿನ ಮೈಯಂತೆ ಒಮ್ಮೆ ನಡುಗಿತು. ಹಿಂದೆ ನಿಂತಿದ್ದ ನೀಲಾಂಬಮ್ಮನವರು ಗೋಡೆ ಹಿಡಿದುಕೊಂಡು ನಕ್ಕರು.

"ಅಂತೂ ಓದಿದ್ಯಲ್ಲೇ. ಈ ಮನೇಲಿ ನಾಲ್ಕು ತಲೆ ಗಂಡಸ್ರು ಓದಿದ್ರು, ಯಾರೂ ಕತ್ತೆತ್ತಿ ನೋಡ್ಲಿಲ್ಲ" ಅಂದು ಕತೆ ಹೇಳಿದರು. ಅವರಿಗೆ ಅವರ ಅತ್ತೆ ಹೇಳಿದ್ದು, ಅತ್ತೆಗೆ ಅವರತ್ತೆ. ಅಳಿವೆಯಲ್ಲಿ ತಳ ಒಡೆದ ಒಂದು ಹಡಗಿನಿಂದ ಕೆಂಪು ಗಡ್ಡದ ಪರಂಗಿಯೊಬ್ಬ ಇಳಿದು ನೀರಿಗೆ ಬಾವಿಯ ಹತ್ತಿರ ಬಂದ. ನೀರು ಸೇದುತ್ತಿದ್ದ ಹೊನ್ನಿ, "ಯಾರಪ್ಪ ನೀನು?" ಅಂದಳು. ಅವನು ಎದೆ ಮುಟ್ಟಿಕೊಂಡು, "ಶಾರ್ಪಾಂತಿಯೇ" ಅಂದ. ಹೊನ್ನಿ ಕೊಡ ಬಿಸುಟು ಕಟ್ಟೆ ಹತ್ತಿ, "ಸರ್ಪ ಅಂತೀಯೇ? ಎಲ್ಲಿ?" ಅಂತ ಕೂಗಿದಳು. ಪರದೇಶದಲ್ಲಿ ಒಬ್ಬಳಾದರೂ ತನ್ನ ಹೆಸರನ್ನು ಸರಿಯಾಗಿ ಹೇಳಿದಳಲ್ಲ ಅಂತ ಅವನು ಹಲ್ಲು ಬಿಟ್ಟು ತಲೆಯಾಡಿಸಿದ. ವರ್ಷ ತಿರುಗುವಷ್ಟರಲ್ಲಿ ಇಬ್ಬರಿಗೂ ಮದುವೆ. ಗಂಡನ ಹೆಸರನ್ನು ಹೆಂಡತಿ ಹೇಳಬಾರದು, ಸರಿ. ಪ್ರಶ್ನೆ ಕೇಳಬಾರದು ಅಂತ ಎಲ್ಲಿದೆ? ಅವಳು ಸಾಯುವವರೆಗೂ ಅವನನ್ನು ಕರೆದದ್ದು "ಸರ್ಪ ಅಂತೀಯೇ?" ಅಂತಲೇ. ಅವನು ಬಾಗಿಲು ಮಾಡಿ, ಅವಳ ಕೈಯಲ್ಲಿ ಅಕ್ಷರ ತಿದ್ದಿ, ಆ ಮಾತನ್ನೇ ಕೆತ್ತಿದ.

"ಅಮ್ಮಾವ್ರೇ, ಇದನ್ನ ರಾಯರಿಗೆ ಹೇಳಬಾರದೇ?" ಅಂತ ಕೇಳಿದ್ದೆ.

"ನಾವಾಗಿ ಹೇಳೋದಲ್ಲ ಕಣೇ. ಕೇಳಲಿ, ಹೇಳಣ. ನನ್ನ ಕೇಳಿದ್ರೆ ನಾನು, ನಿನ್ನ ಕೇಳಿದ್ರೆ ನೀನು. ಹೆಂಗಸರನ್ನ ಒಂದು ಮಾತು ಕೇಳೋಕೆ ಬಾರದೋನಿಗೆ ಹೇಳಿದ್ರೆ ಅದನ್ನೂ ಪಾತಾಳಕ್ಕೆ ಹಾಕ್ತಾನೆ" ಅಂದಿದ್ದರು.

ಆ ಹತ್ತೊಂಬತ್ತು ದಿನವೂ ರಾಯರು ಊರನ್ನೆಲ್ಲ ಕೇಳಿದರು. ಬಡಗಿ ಮೌನೇಶಾಚಾರಿಯನ್ನು ಕರೆಸಿ, ಒಡೆದು ತೆಗಿ ಅಂದರು. ಆಚಾರಿ ಬಾಗಿಲನ್ನು ಬೆರಳ ಗೆಣ್ಣಿನಲ್ಲಿ ಮೂರು ಸಲ ತಟ್ಟಿ, ಕಿವಿಯಿಟ್ಟು ಕೇಳಿ, ಕಣ್ಣಿಗೊತ್ತಿಕೊಂಡ. "ನಾನು ಕೈ ಹಾಕಲ್ಲ ಸ್ವಾಮಿ. ಇದನ್ನ ಒಡೆದ್ರೆ ಮಾಡು ಕುಸಿಯುತ್ತೆ. ಅಲ್ಲದೆ ಇಂಥ ಕೆಲಸ ಮಾಡಿದೋನು ನಂಗೆ ಗುರು" ಅಂದ. "ನಾಗರಾಜ ಸ್ವತಃ ನಿರ್ಮಿಸಿದ್ದು" ಅಂದರು ರಾಯರು. "ಕೈಯಿಲ್ಲದೋನು ಉಳಿ ಹೆಂಗೆ ಹಿಡಿದ್ನೋ!" ಅಂದು ಆಚಾರಿ ಚೀಲ ಹೆಗಲಿಗೇರಿಸಿದ. ರಾಯರು ಜೋಯಿಸರನ್ನು ಕೇಳಿದರು, ಹಾವಾಡಿಗನನ್ನು ಕೇಳಿದರು. ಅವನು ಅರ್ಧ ದಿನ ಪುಂಗಿ ಊದಿದ, ಎದುರುಮನೆಯ ಬೆಕ್ಕೊಂದು ಬಂದು ಕೂತಿತು. ಮೂವತ್ತೆಂಟು ವರ್ಷ ಆ ಬಾಗಿಲ ಮೈ ಉಜ್ಜಿದವಳು ಏಣಿಯ ಬುಡದಲ್ಲೇ ನಿಂತಿದ್ದೆ. "ಅಲ್ಲಾಡಿಸಬೇಡ" ಅನ್ನುವುದನ್ನು ಬಿಟ್ಟು ನನಗೆ ಬೇರೆ ಮಾತಿಲ್ಲ.

ಹೊಡೆದ ಹೆಸರನ್ನು ಬರೆಯುವಂತಿಲ್ಲವಾದರೂ, ಅದಕ್ಕಿಂತ ಹಳೆಯ ರೂಪ ದಫ್ತರದಲ್ಲಿ ಸಿಕ್ಕರೆ ಅದನ್ನು ಬರೆಯಬಹುದು ಅಂತ ಗುರುಪಾದಪ್ಪ ದಾರಿ ತೋರಿಸಿದ. ಕಪಾಟಿನ ತಳದಿಂದ ದಫ್ತರ ತೆಗೆದು, ಜಗಲಿಯ ಮೇಲೆ ಕೂತು, ತಲೆಮಾರು ತಲೆಮಾರು ಹಿಂದಕ್ಕೆ ಓದತೊಡಗಿದ. ಅಜ್ಜನ ಕಾಲಕ್ಕೆ ಸರಪಂತಿ. ರಾಯರು ಎದ್ದು ಬಾಗಿಲಿಗೆ ಹೇಳಿದರು, ಇಲ್ಲ. ಮುತ್ತಜ್ಜನ ಕಾಲಕ್ಕೆ ಸಾರ್ಪಂತೀಯ. ಹೇಳಿದರು, ಇಲ್ಲ. ಎಲ್ಲಕ್ಕಿಂತ ಹಿಂದಿನ ಹಾಳೆಯಲ್ಲಿ, ಶಾರ್ಪಾಂತಿಯೇ, ಫ್ರಾನ್ಸ್ ದೇಶದವನು. ಅದರ ಜೊತೆಗಿದ್ದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಕೂಡಿದ್ದ ಜನ ನಗುವುದೋ ಬೇಡವೋ ಅಂತ ರಾಯರ ಮುಖ ನೋಡಿತು. ರಾಯರು ಒಂದು ಗಳಿಗೆ ಬೆಪ್ಪಾದರು, ಅಷ್ಟೆ. ಆಮೇಲೆ ಎದೆ ಸೆಟೆಸಿ, "ನಂಗೆ ಮೊದ್ಲಿಂದಲೂ ಅನುಮಾನ ಇತ್ತು. ನನ್ನ ಮೂಗು ನೋಡಿ" ಅಂದರು. ಮಾರನೆಯ ದಿನ ರುಮಾಲು ಹೋಗಿ ಟೋಪಿ ಬಂತು. ಕಾಫಿಯನ್ನು ಚಮಚದಲ್ಲಿ ಕುಡಿಯುತ್ತಾ, ಮೂಲಪುರುಷ ಫ್ರೆಂಚ್ ದೊರೆಯ ದಾಯಾದಿ, ಸಿಂಹಾಸನದ ಜಗಳದಲ್ಲಿ ಬೇಸತ್ತು ಬಂದವನು ಅಂತ ನೆರೆಮನೆಯವರಿಗೆ ಹೇಳಿದರು. ನಾಗರಾಜನ ಪೂಜೆ ಅಂದಿನಿಂದ ಬಂದ್. ನೈವೇದ್ಯದ ಹಾಲಿಗೆ ಕಾದು ಕೂತಿದ್ದ ಬೆಕ್ಕಿಗೆ ಮಾತ್ರ ನಷ್ಟ. ಟೋಪಿ ಹಾಕಿಕೊಂಡೇ ಬಾಗಿಲ ಮುಂದೆ ನಿಂತು, ಮೂಗಿನಲ್ಲಿ, "ಶಾರ್ಪಾಂತಿಯೇ" ಅಂತ ನೂರೆಂಟು ಸಲ ಹೇಳಿದರು. ಬಾಗಿಲು ಕಲ್ಲಿನ ಹಾಗೆ ನಿಂತಿತ್ತು. ಅದು ಅವನ ಹೆಸರೇನೋ ಹೌದು, ಬಾಗಿಲಿಗೆ ಕಲಿಸಿದ್ದು ಅವಳ ಮಾತು.

ಎರಡು ದಿನ ಬಿಟ್ಟು ಗುರುಪಾದಪ್ಪ, ಅಂಟಿದ್ದ ಹಾಳೆಗಳನ್ನು ಅನ್ನದ ಪಾತ್ರೆಯ ಹಬೆಗೆ ಹಿಡಿದು ಬಿಡಿಸಿಕೊಂಡು ಬಂದ. ಪರಂಗಿಯವನೇ ಬರೆಸಿದ ಹೇಳಿಕೆ ಅದರಲ್ಲಿತ್ತು. ಅವನ ಹಿರಿಯನೊಬ್ಬ ಯಾವುದೋ ಕಾಡಿನ ಪಕ್ಕದ ಹಳ್ಳಿಯಲ್ಲಿ ಇಗರ್ಜಿಯ ಮಾಡಿಗೆ ತೊಲೆ ಕೂರಿಸುತ್ತಿದ್ದನಂತೆ. ಕೆಲಸ ನೋಡಿ ಊರವರು ಆ ಹೆಸರಿಟ್ಟು ಕರೆದರು. ಅವನ ಮಗ ತೊಲೆ ಬಿಟ್ಟು ಉಪ್ಪು ಹೊತ್ತ, ಹೆಸರು ಬಿಡಲಿಲ್ಲ. ಮೊಮ್ಮಗ ನದಿಯ ಜೊತೆಗೇ ಇಳಿದು ಬಂದರಿನಲ್ಲಿ ರೊಟ್ಟಿ ಸುಟ್ಟ, ಆಗಲೂ ಅದೇ ಹೆಸರು. ಮರಿಮಗನೊಬ್ಬನಿಗೆ ನಾಲ್ಕು ಕಾಸಾಗಿ, ಅವನೂ ಹೆಸರಿಗೆ ರಾಜವಂಶದ ಕತೆ ಕಟ್ಟಿ ನಗೆಗೀಡಾದನಂತೆ. ಕೊನೆಗೆ ಇವನು ಮತ್ತೆ ಉಳಿ ಹಿಡಿದು ಹಡಗು ಹತ್ತಿದ. "'ನನ್ನ ಮನೆತನದಲ್ಲಿ ಎಷ್ಟೋ ಕಾಲದ ಮೇಲೆ ಹೆಸರಿಗೆ ತಕ್ಕ ಕೆಲಸ ಮಾಡಿದವನು ನಾನು' ಅಂತ ಬರೆಸಿದಾನೆ ರಾಯರೇ" ಅಂದ ಗುರುಪಾದಪ್ಪ.

"ಏನಯ್ಯಾ ಆ ಹೆಸರಿನ ಅರ್ಥ?"

"ಬಡಗಿ ಅಂತ."

ರಾಯರು ಟೋಪಿ ತೆಗೆದು ಕೈಯಲ್ಲಿ ಹಿಡಿದರು.

"ಸುಳ್ಳು. ನನ್ನ ಹೆಸರೇ ತಕ್ಷಕ. ಸರ್ಪರಾಜ!"

"ಅದನ್ನೂ ಕೋಶದಲ್ಲಿ ನೋಡಿದೆ. ತಕ್ಷಕ ಅಂದ್ರೆ ಎರಡರ್ಥ. ಒಂದು ಸರ್ಪ. ಇನ್ನೊಂದು..." ಗುರುಪಾದಪ್ಪ ದಫ್ತರ ಮುಚ್ಚಿದ. "ಅದೂ ಬಡಗಿ ಅಂತಲೇ."

ಕಿಟಕಿಯೊಳಗಿನಿಂದ ನೀಲಾಂಬಮ್ಮನವರ ನಗು ಕೇಳಿಸಿತು, ಕೆಮ್ಮಿನಲ್ಲಿ ಮುಗಿಯಿತು. "ಹೆಸರಿಟ್ಟೋಳು ನಾನೇ ಕಣೋ. ನಿಮ್ಮಪ್ಪನಿಗೂ ಸಮಾಧಾನ, ಹೊನ್ನಜ್ಜಿಗೂ ಸಮಾಧಾನ."

ಮೌನೇಶಾಚಾರಿ ಮುಂದೆ ಬಂದು ಕೈಮುಗಿದು, "ಬನ್ನಿ ದಾಯಾದಿಗಳೇ, ಅಂಗಡೀಲಿ ಒಂದು ಉಳಿ ಖಾಲಿ ಇದೆ" ಅಂದ. ರಾಯರು ಟೋಪಿಯನ್ನು ಅಲ್ಲೇ ಬಿಟ್ಟು ಕಿಟಕಿ ಹತ್ತಿದರು. ಗೆದ್ದಲು ಕಷ್ಟಪಟ್ಟು ಕಟ್ಟಿದ ಹುತ್ತವನ್ನು ಹಾವು ಸೇರಿಕೊಳ್ಳುತ್ತದೆ ಅನ್ನುತ್ತಾರೆ. ಇಲ್ಲಿ ಹಾವೂ ಇರಲಿಲ್ಲ, ಬರೀ ಬುಸ್ಸು.

ಅವತ್ತಿನಿಂದ ನೀಲಾಂಬಮ್ಮನವರು ಅನ್ನ ಬಿಟ್ಟರು. ಬಿಟ್ಟದ್ದಲ್ಲ, ಇಳಿಯಲಿಲ್ಲ. ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಗಂಜಿ ತಗೊಂಡು ಹೋದರೆ ಕಿಟಕಿಯ ಹತ್ತಿರ ಕೂರಲೂ ಆಗದೆ ಚಾಪೆಯ ಮೇಲಿದ್ದರು. ಕೈ ಹಿಡಿದರೆ ಒಣಗಿದ ಹುಣಿಸೆ ಸಿಪ್ಪೆಯಷ್ಟೇ ಭಾರ.

"ಸಣ್ತಾಯಿ, ಕೇಳಿದ್ನೇನೇ ಅವನು?"

"ಇಲ್ಲ ಅಮ್ಮಾವ್ರೇ."

"ಕೇಳಲ್ಲ ಬಿಡು. ಪಾತಾಳ ಕೇಳ್ದ, ಫ್ರಾನ್ಸು ಕೇಳ್ದ. ಅಡಿಗೆಮನೆ ಮಾತ್ರ ಕೇಳಲ್ಲ." ಸ್ವಲ್ಪ ಹೊತ್ತು ಉಸಿರು ಹುಡುಕಿಕೊಂಡರು. "ಒಡೆದ ಮಡಕೆ ಹಂಗೆ ಕಿಟಕೀಲಿ ಹಾಕ್ತಾರೆ ನನ್ನ."

ತೊಂಬತ್ತು ದಾಟಿದ ಕಣ್ಣಿನಿಂದ ನೀರು ಬಂದದ್ದನ್ನು ನಾನು ಅವತ್ತು ಮೊದಲ ಸಲ ನೋಡಿದೆ. ನನ್ನ ತಾಳ್ಮೆಗೆ ಊರಲ್ಲಿ ಹೆಸರಿದೆ. ಆದರೆ ತಾಳ್ಮೆ ಅಂದರೆ ಕಾಯುವುದಷ್ಟೇ ಅಲ್ಲ, ಯಾವಾಗ ಕಾಯಬಾರದು ಅಂತ ತಿಳಿಯುವುದೂ ತಾಳ್ಮೆಯೇ. ಕೇಳದೆ ಹೇಳಬಾರದು ಅಂತ ಮಾತು. ಕೇಳುವ ಹಾಗೆ ಮಾಡಬಾರದು ಅಂತ ಮಾತಿರಲಿಲ್ಲ.

ಏಣಿ ಇಳಿದು ಬೀದಿಗೆ ಬಂದೆ. ರಾಯರು ಹೊಸ್ತಿಲ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ರುಮಾಲೂ ಇಲ್ಲ, ಟೋಪಿಯೂ ಇಲ್ಲ. ನಾನು ಎಣ್ಣೆಬಟ್ಟೆ ತೆಗೆದು ಹೊಸ್ತಿಲ ಪಕ್ಕ ಉಜ್ಜುತ್ತಾ, ತಟ್ಟನೆ ಕೈ ಹಿಂದೆ ಎಳೆದುಕೊಂಡೆ.

"ಏನೇ ಅದು?" ಅಂದರು.

"ಏನೋ ಹರಿದಂಗಾಯ್ತು ರಾಯರೇ. ನಿಮ್ಮ ಕಾಲ ಕೆಳಗಿನ ಸಂದೀಲಿ."

"ಏನದು, ಹೇಳೇ!"

"ಉದ್ದಕ್ಕಿತ್ತು. ಕರ್ರಗೆ ಮಿಂಚ್ತಾ ಇತ್ತು. ನಿಮ್ಮ ಮನೇಲಿ ಆ ಮಾತು ಆಡಂಗಿಲ್ವಲ್ಲ ಬುದ್ಧಿ. ನಿಮ್ಮ ಕುಲದೋರೇ ಯಾರೋ ಬಂದಂಗದೆ."

ರಾಯರು ಎದ್ದದ್ದನ್ನು ನಾನು ನೋಡಲಿಲ್ಲ, ಅಷ್ಟು ಬೇಗ ಎದ್ದಿದ್ದರು. ಪಂಚೆ ಮೊಣಕಾಲ ಮೇಲೆ, ಒಂದು ಕಾಲು ಜಗಲಿಯ ಮೇಲೆ, ಇನ್ನೊಂದು ಗಾಳಿಯಲ್ಲಿ. ಬಾವಿಕಟ್ಟೆಯ ಮೇಲೆ ಹೊನ್ನಿ ಹೇಗೆ ಕೂಗಿದ್ದಳೋ ಹಾಗೆಯೇ, ಬೀದಿಯ ಎರಡು ತುದಿಗೂ ಕೇಳುವ ಹಾಗೆ ಕೂಗಿದರು:

"ಸರ್ಪ ಅಂತೀಯೇ?"

ಬಾಗಿಲು ತೆರೆಯಿತು.

ಕಿರ್ ಅನ್ನಲಿಲ್ಲ. ಮೂವತ್ತೆಂಟು ವರ್ಷದ ಎಣ್ಣೆ ಅದು. ಒಳಗಿನ ತಣ್ಣನೆಯ ಗಾಳಿ ಬೀದಿಗೆ ಬಂತು. ರಾಯರು ಗಾಳಿಯಲ್ಲಿದ್ದ ಕಾಲನ್ನು ಇಳಿಸಲು ಮರೆತು ನೋಡುತ್ತಿದ್ದರು. ನಾನು ಮೇಲುಪಟ್ಟಿಯನ್ನು ತೋರಿಸಿ, "ಅಲ್ಲೇ ಬರೆದಿದೆ ರಾಯರೇ" ಅಂದೆ. ಅವರು ಕತ್ತೆತ್ತಿ ಓದಿದರು. ತುಟಿ ಅಲ್ಲಾಡಿತು. ಆಮೇಲೆ, ನನ್ನ ಜೀವಮಾನದಲ್ಲೇ ಮೊದಲ ಸಲ, ನನ್ನ ಮುಖ ನೋಡಿ ಒಂದು ಪ್ರಶ್ನೆ ಕೇಳಿದರು. "ನಿಂಗೆ ಮೊದ್ಲೇ ಗೊತ್ತಿತ್ತೇ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಯಾಕೆ ಕೇಳ್ಲಿಲ್ಲ?" ಅಂದೆ.

ನೀಲಾಂಬಮ್ಮನವರನ್ನು ನಾನೂ ರಾಯರೂ ಎರಡು ಕಡೆ ಹಿಡಿದು ಕರೆತಂದು ಜಗಲಿಯ ಮೇಲೆ ಕೂರಿಸಿದೆವು. ಬೀದಿಯನ್ನು ನೋಡಿದರು, ಬಾಗಿಲನ್ನು ಸವರಿದರು, ಒಂದು ಲೋಟ ಮಜ್ಜಿಗೆ ಕುಡಿದರು. ಇನ್ನೂ ಆರು ದಿನ ಇದ್ದರು. ಕೊನೆಯ ದಿನ ಮಗನನ್ನು ಕರೆದು ಹೇಳಿದ್ದು ಒಂದೇ ಮಾತು. "ನನ್ನ ಪೆಟ್ಟಿಗೆಗೆ ಮೊದಲ ಬೆಣೆ ನೀನೇ ಹೊಡಿ." ನಮ್ಮೂರಿನಲ್ಲಿ ಸತ್ತವರನ್ನು ಪೆಟ್ಟಿಗೆಯಲ್ಲಿಟ್ಟು ಸಮುದ್ರದ ದಂಡೆಗೆ ಒಯ್ಯುತ್ತೇವೆ. ಮೌನೇಶಾಚಾರಿ ಹಲಗೆ ಜೋಡಿಸಿ, ಸುತ್ತಿಗೆಯನ್ನು ರಾಯರ ಕೈಗೆ ಕೊಟ್ಟ. ಮೊದಲ ಏಟು ಹೆಬ್ಬೆರಳಿಗೆ ಬಿತ್ತು. ಎರಡನೆಯದೂ ಅಲ್ಲಿಗೇ. ಯಾರೂ ನಗಲಿಲ್ಲ. ಮೂರನೆಯ ಏಟಿಗೆ ಬೆಣೆ ಕೂತಿತು. ರಾಯರು ಆ ಬೆಣೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಾ ಅತ್ತರು. ಅಮ್ಮಾವ್ರು ಹೆಬ್ಬಾಗಿಲಲ್ಲೇ ಹೋದರು.

ಇದರಿಂದ ರಾಯರು ತಿದ್ದಿಕೊಂಡರು ಅಂತ ಬರೆದರೆ ನೀವು ನಂಬಬಾರದು. ತಿಥಿ ಮುಗಿದ ವಾರಕ್ಕೇ, ತಮ್ಮ ಮೂಲಪುರುಷ ಬರೀ ಬಡಗಿಯಲ್ಲ, ಬಡಗಿಗಳ ಚಕ್ರವರ್ತಿ ಅಂತ ಹೊಸ ಪುರಾಣ ಶುರುವಾಯಿತು. ಮೌನೇಶಾಚಾರಿಯ ಅಂಗಡಿಯಲ್ಲಿ ಕೂತು ಅವನಿಗೇ ತೊಲೆಯ ಪಾಠ ಹೇಳುತ್ತಿದ್ದಾರಂತೆ. ಮನೆಯಲ್ಲಿ ಪಡವಲಕಾಯಿ ಪಲ್ಯ ಮಾತ್ರ ಆಗುತ್ತಿದೆ, ಅಷ್ಟು ಲಾಭ.

ಆದರೆ ಬಾಗಿಲಿಗೆ ಬೇರೆ ಯಾವ ಹೆಸರೂ ಒಗ್ಗಿಲ್ಲ. ದಿನವೂ ಸಂಜೆ ರಾಯರು ಬಂದು, ಬೀದಿಯವರೆಲ್ಲ ಕೆಲಸ ಬಿಟ್ಟು ನೋಡುತ್ತಿರುವಾಗ, ಹೊಸ್ತಿಲ ಮುಂದೆ ನಿಂತು, ಸಣ್ಣಗೆ ಹೇಳಿದರೆ ಕೇಳಿಸದೆಂದು ಗಂಟಲೆತ್ತಿ ಕೂಗಲೇಬೇಕು: "ಸರ್ಪ ಅಂತೀಯೇ?"

ನಾನು ಎಣ್ಣೆಬಟ್ಟೆ ಹಿಂಡುತ್ತಾ ಜಗಲಿಯ ಮೇಲಿನಿಂದ ಉತ್ತರ ಕೊಡುತ್ತೇನೆ.

"ಇಲ್ಲ ರಾಯರೇ, ಬಡಗಿ ಅಂತೀನಿ."